ಐದನೇ ಸಾಲು

ಈ ಮಾರ್ಚ್‌ನಲ್ಲಿ ನನ್ನ ಚಿಕ್ಕ ಮಗನನ್ನು ಒಂದನೇ ತರಗತಿಗೆ ಸೇರಿಸುವ ಅರ್ಜಿ ಮನೆಗೆ ಬಂತು. ಎರಡೇ ಹಾಳೆ. ಹೆಸರು, ಹುಟ್ಟಿದ ದಿನ, ವಿಳಾಸ, ಮನೆಯಲ್ಲಿ ಆಡುವ ಭಾಷೆ. ಭಾಷೆಯ ಜಾಗದಲ್ಲಿ ಕನ್ನಡ ಅಂತ ಬರೆಯುವಾಗ ಪ್ರತಿ ಸಲವೂ ಒಂಥರಾ ಖುಷಿಯಾಗುತ್ತದೆ. ಅದರ ಕೆಳಗೆ ಆ ಸಾಲು ಇತ್ತು. 'ಬೆಕೆಂಟ್‌ನಿಸ್'. ಧರ್ಮ ಯಾವುದು, ಪಂಥ ಯಾವುದು ಎಂದು ಕೇಳುವ ಸಾಲು. ಪೆನ್ನು ಅಲ್ಲೇ ನಿಂತಿತು. ಅರ್ಜಿ ಮೂರು ದಿನ ಫ್ರಿಜ್ ಬಾಗಿಲ ಮೇಲೆ ನೇತಾಡಿತು. ಗಂಡ ಬಂದು, 'ಇನ್ನೂ ತುಂಬಿಲ್ವಾ?' ಅಂದರು. ಇಲ್ಲ, ತುಂಬಿರಲಿಲ್ಲ.

ಮಗಳನ್ನು ಸೇರಿಸುವಾಗ ಇದೇ ಸಾಲನ್ನು ಅರೆಗಳಿಗೆಯೂ ಯೋಚಿಸದೆ ದಾಟಿದ್ದೆವು. ಜರ್ಮನಿಗೆ ಬಂದ ಹೊಸದರಲ್ಲಿ ಇಲ್ಲಿನ ನಮ್ಮ ಜನ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು: ಧರ್ಮದ ಮುಂದೆ 'ಓನೆ' ಅಂದರೆ 'ಇಲ್ಲ' ಅಂತ ಬರೀರಿ, ಇಲ್ಲದಿದ್ದರೆ ಚರ್ಚ್ ತೆರಿಗೆ ಹಿಡಿದುಕೊಳ್ತಾರೆ. ನಾವಿರುವ ಬವೇರಿಯಾ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಮೇಲೆ 8%. ನಿಜ ಹೇಳಬೇಕೆಂದರೆ ಹಿಂದೂ ಅಂತ ಬರೆದರೂ ಆ ತೆರಿಗೆ ಬೀಳುವುದಿಲ್ಲ. ಆದರೂ ಆ ಮಾತು ಬಾಯಿಂದ ಬಾಯಿಗೆ ಹರಿದು ಬಂದಿದೆ, ನಾವೂ ಹಾಗೇ ಬರೆದೆವು. ಈಗ ಹಾಗೆ ಸುಲಭವಾಗಿ ಬರೆಯಲು ಆಗುತ್ತಿಲ್ಲ. ಕಾರಣ, ನಮ್ಮ ಮೇಲಿನ ಮಹಡಿಯಲ್ಲಿ ಇರುವ ಒಂದು ಕುಟುಂಬ.

ಪಟ್ಟಿ ಮತ್ತು ಅರ್ಜಿ

2022ರ ಏಪ್ರಿಲ್. ಉಕ್ರೇನಿನ ಖಾರ್ಕಿವ್‌ನಿಂದ ಮೂವರು ಬಂದರು. ತಾಯಿ, ಎಂಟು ವರ್ಷದ ಮಗ, ಎಪ್ಪತ್ತು ದಾಟಿದ ಅಜ್ಜಿ. ಹುಡುಗನ ಅಪ್ಪ ಅಲ್ಲೇ ಉಳಿದಿದ್ದ. 18ರಿಂದ 60 ವರ್ಷದೊಳಗಿನ ಗಂಡಸರನ್ನು ಉಕ್ರೇನ್ ಹೊರಗೆ ಬಿಡುತ್ತಿರಲಿಲ್ಲ. ಫೆಬ್ರವರಿ 24ರಿಂದ ರಷ್ಯಾದ ಶೆಲ್ ಬೀಳುತ್ತಿದ್ದ ಊರು ಅದು. ಹೊರಡುವ ಮುಂಚೆ ಇವರು ಹನ್ನೊಂದು ರಾತ್ರಿ ಮೆಟ್ರೋ ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ಮಲಗಿದ್ದರು. ಇದೆಲ್ಲ ನನಗೆ ತಿಳಿದದ್ದು ನಿಧಾನವಾಗಿ. ಮೊದಲ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಆಕೆ ಶಾಲೆಯವರು ಕೊಟ್ಟ ಸಾಮಾನು ಪಟ್ಟಿ ಹಿಡಿದು ನಿಂತಿದ್ದಳು. ಮುಖದಲ್ಲಿ ದಣಿವು. ಅದರಲ್ಲೇ ಒಂದು ಹಟ.

ಇಲ್ಲಿ ಮಕ್ಕಳನ್ನು ಓದಿಸುವವರಿಗೆ ಆ ಪಟ್ಟಿ ಗೊತ್ತಿದೆ. ಜರ್ಮನ್ ಪುಸ್ತಕಕ್ಕೆ ಕೆಂಪು ರ‍್ಯಾಪರ್, ಗಣಿತಕ್ಕೆ ನೀಲಿ, ಪರಿಸರ ಪಾಠಕ್ಕೆ ಹಸಿರು. ಗೆರೆಗಳ ಅಂತರಕ್ಕೂ ನಂಬರ್ ಇದೆ. ಎರಡನೇ ತರಗತಿಯ ಮಗು ಎರಡನೇ ನಂಬರಿನ ಗೆರೆಯ ಮೇಲೇ ಬರೆಯಬೇಕು, ಮೂರನೆಯದು ತಂದರೆ ವಾಪಸ್. ಬಣ್ಣದ ಪೆನ್ಸಿಲ್ ಒಂದೊಂದರ ಮೇಲೂ ಹೆಸರು. ನನಗೂ ಇದೇ ಪಟ್ಟಿ ಕಣ್ಣೀರು ತರಿಸಿತ್ತು. ಹಾಗಾಗಿ ಆಕೆಯ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದೆ. ಒಂದೂವರೆ ಗಂಟೆ ಇಬ್ಬರೂ ನೋಟ್‌ಬುಕ್‌ಗಳ ಮುಂದೆ ಮಂಡಿಯೂರಿ ಕೂತು ನಂಬರ್ ಹುಡುಕಿದೆವು. ಭಾಷೆ ಬರದಿದ್ದರೂ ಸ್ನೇಹ ಆಗುವುದಕ್ಕೆ ಅಷ್ಟು ಸಾಕಾಯಿತು.

ಮರುದಿನ ಸಂಜೆ ಅರ್ಜಿ ತಂದಳು. ಜೊತೆಗೆ ಅಜ್ಜಿಯೂ ಬಂದರು. ನಾನು ಕಾಫಿ ಇಟ್ಟೆ. ಗೆಳತಿ ಫೋನಿನ ಕ್ಯಾಮೆರಾ ಹಿಡಿದು ಒಂದೊಂದೇ ಸಾಲನ್ನು ರಷ್ಯನ್‌ಗೆ ತಿರುಗಿಸಿಕೊಂಡು ತುಂಬುತ್ತಿದ್ದಳು. ಖಾರ್ಕಿವ್‌ನಲ್ಲಿ ಮನೆಯೊಳಗಿನ ಮಾತು ಹೆಚ್ಚಾಗಿ ರಷ್ಯನ್ನೇ. ಬೆಕೆಂಟ್‌ನಿಸ್ ಬಂತು. ಜರ್ಮನ್‌ನಲ್ಲಿ ಆ ಪದಕ್ಕೆ ಎರಡು ಅರ್ಥ. ಒಂದು ಧರ್ಮ, ಇನ್ನೊಂದು ತಪ್ಪೊಪ್ಪಿಗೆ. ಫೋನು ಎರಡನೆಯದನ್ನು ಆರಿಸಿಕೊಂಡಿತ್ತು. ಗೆಳತಿ ಅದನ್ನು ಗಟ್ಟಿಯಾಗಿ ಓದಿದಳು. ಅಜ್ಜಿ ಕಾಫಿ ಲೋಟ ಕೆಳಗಿಟ್ಟರು. ಎಂಟು ವರ್ಷದ ಹುಡುಗ ಯಾವ ತಪ್ಪು ಒಪ್ಪಿಕೊಳ್ಳಬೇಕು?

ನಾನು ಗಡಿಬಿಡಿಯಲ್ಲಿ ವಿವರಿಸಿದೆ. ಅದಲ್ಲ, ಇಲ್ಲಿ ಶಾಲೆಯಲ್ಲೇ ಧರ್ಮದ ಪಾಠ ಇರುತ್ತದೆ, ಸಂವಿಧಾನದಲ್ಲೇ ಹಾಗಿದೆ. ಕ್ಯಾಥೊಲಿಕ್ ಮಕ್ಕಳು ಒಂದು ಕೋಣೆಗೆ, ಪ್ರೊಟೆಸ್ಟೆಂಟ್ ಮಕ್ಕಳು ಇನ್ನೊಂದಕ್ಕೆ, ಉಳಿದವರು ಎಥಿಕ್ ಅಂದರೆ ನೀತಿಪಾಠದ ತರಗತಿಗೆ. ಯಾರನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯುವುದಕ್ಕೆ ಕೇಳ್ತಾರೆ ಅಷ್ಟೇ. ಗೆಳತಿ ಅಜ್ಜಿಗೆ ಹೇಳಿದಳು. ಅಜ್ಜಿ ನನ್ನನ್ನೇ ನೋಡಿ ಒಂದು ಪ್ರಶ್ನೆ ಕೇಳಿದರು.

'ಈ ಕಾಗದ ಎಲ್ಲಿಗೆ ಹೋಗುತ್ತೆ?'

'ಶಾಲೆಯ ಆಫೀಸಿಗೆ.'

'ಅಲ್ಲಿಂದ?'

ನನಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು 'ಓನೆ' ಅಂತ ಬರೆದಳು. ಅಜ್ಜಿ ತಲೆಯಾಡಿಸಿ ಮತ್ತೆ ಲೋಟ ಎತ್ತಿಕೊಂಡರು. ಅವರು ಯಹೂದಿಗಳು ಅಂತ ನನಗೆ ತಿಳಿದದ್ದು ಇನ್ನೆರಡು ವಾರ ಕಳೆದ ಮೇಲೆ.

ರಿಜಿಸ್ಟರಿನ ಕೊನೆಯ ಪುಟ

ಅಜ್ಜಿ 1950ರಲ್ಲಿ ಹುಟ್ಟಿದವರು. ಅವರ ಶಾಲೆಯಲ್ಲಿ ಟೀಚರ ಹತ್ತಿರ ಒಂದು ದಪ್ಪ ರಿಜಿಸ್ಟರ್ ಇತ್ತು. ಕೊನೆಯ ಪುಟಗಳಲ್ಲಿ ಪ್ರತಿ ಮಗುವಿನ ವಿವರ: ಹುಟ್ಟಿದ ದಿನ, ವಿಳಾಸ, ಅಪ್ಪ ಅಮ್ಮನ ಕೆಲಸ, ಜನಾಂಗ. ವರ್ಷದ ಮೊದಲಲ್ಲಿ ಟೀಚರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ರಷ್ಯನ್, ಉಕ್ರೇನಿಯನ್, ರಷ್ಯನ್, ರಷ್ಯನ್. ಮಕ್ಕಳು ಜೋರಾಗಿ ಹೇಳಿ ಕೂರುತ್ತಿದ್ದರು. ಅಜ್ಜಿಯ ಸರದಿ ಬಂದಾಗ ಅವರು ನಿಂತಲ್ಲೇ ಹೇಳಲಿಲ್ಲ. ಬೆಂಚಿನಿಂದ ಎದ್ದು ಟೀಚರ ಮೇಜಿನವರೆಗೂ ನಡೆದುಹೋಗಿ ಕಿವಿಯಲ್ಲಿ ಹೇಳಿದರು. ಟೀಚರು ಅದನ್ನು ಬರೆದುಕೊಳ್ಳುತ್ತಾ ಗಟ್ಟಿಯಾಗಿ ಓದಿದರು. 'ಯಹೂದಿ.' ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಜ್ಜಿಗೆ ಇವತ್ತಿಗೂ ನೆನಪಿರುವುದು ವಾಪಸ್ ಬೆಂಚಿಗೆ ನಡೆದ ದಾರಿ. ಹದಿನಾಲ್ಕು ಹೆಜ್ಜೆ ಅಂತೆ. ಎಣಿಸಿದ್ದರು.

ಸೋವಿಯತ್ ದೇಶದಲ್ಲಿ ಯಹೂದಿ ಅನ್ನುವುದು ಧರ್ಮವಾಗಿ ಅಲ್ಲ, ಜನಾಂಗವಾಗಿ ಕಾಗದದ ಮೇಲೆ ಇರುತ್ತಿತ್ತು. 16 ವರ್ಷಕ್ಕೆ ಕೊಡುವ ಒಳನಾಡ ಪಾಸ್‌ಪೋರ್ಟಿನಲ್ಲಿ ಬರೆದಿರುತ್ತಿದ್ದರು. ಕೆಲಸದ ಅರ್ಜಿಗಳಲ್ಲಿ ಅದು ಐದನೇ ಸಾಲು. ಎಷ್ಟರ ಮಟ್ಟಿಗೆ ಅಂದರೆ 'ಐದನೇ ಸಾಲು' ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. 'ಅವನಿಗೆ ಐದನೇ ಸಾಲಿನ ತೊಂದರೆ' ಅಂದರೆ ಅವನಿಗೆ ಸೀಟು ಸಿಗಲಿಲ್ಲ, ಬಡ್ತಿ ಸಿಗಲಿಲ್ಲ ಎಂದು ಅರ್ಥ. ಅಜ್ಜಿಗೆ ಭೌತಶಾಸ್ತ್ರ ಓದುವ ಆಸೆ ಇತ್ತು, ಅಂಕಗಳೂ ಇದ್ದವು. ಮನೆಗೆ ಬೇಕಾದವರೊಬ್ಬರು ಬಂದು, ಅಲ್ಲಿ ಅರ್ಜಿ ಹಾಕಬೇಡ, ಎಂಜಿನಿಯರಿಂಗ್ ಕಡೆ ಹೋಗು, ಅಲ್ಲಿ ಜಾಸ್ತಿ ನೋಡಲ್ಲ ಅಂದರು. ಹಾಗೆ ಅವರು ಎಂಜಿನಿಯರ್ ಆದರು.

ಇಷ್ಟೆಲ್ಲ ಆದರೂ ಮನೆಯಲ್ಲಿ ಯಹೂದಿಗಳದ್ದು ಅನ್ನುವಂಥದ್ದು ಏನೂ ಉಳಿದಿರಲಿಲ್ಲ. ಪ್ರಾರ್ಥನೆ ಗೊತ್ತಿಲ್ಲ, ಹಬ್ಬಗಳ ಹೆಸರು ಗೊತ್ತಿಲ್ಲ. ಖಾರ್ಕಿವ್‌ನ ಪುಷ್ಕಿನ್‌ಸ್ಕಾ ಬೀದಿಯ ದೊಡ್ಡ ಸಿನಗಾಗನ್ನು ಆ ಕಾಲದಲ್ಲಿ ಆಟದ ಕ್ಲಬ್ ಮಾಡಿದ್ದರು. ಅಜ್ಜಿಯ ತಮ್ಮ ವಾರಕ್ಕೆರಡು ಸಲ ಅಲ್ಲಿಗೆ ಆಟ ಆಡಲು ಹೋಗುತ್ತಿದ್ದ. ಅದು ತನ್ನ ಮುತ್ತಜ್ಜ ಪ್ರಾರ್ಥನೆ ಮಾಡಿದ ಜಾಗ ಅಂತ ಅವನಿಗೆ ಗೊತ್ತಾಗುವ ಹೊತ್ತಿಗೆ ಅವನಿಗೆ ನಲವತ್ತು ವರ್ಷ.

ಅಜ್ಜಿಯ ಪ್ರಶ್ನೆಗೆ ಇನ್ನೂ ಹಿಂದಿನ ಬೇರು ಇತ್ತು. 1941ರ ಅಕ್ಟೋಬರ್‌ನಲ್ಲಿ ಜರ್ಮನ್ ಸೈನ್ಯ ಖಾರ್ಕಿವ್ ಹಿಡಿಯಿತು. ಡಿಸೆಂಬರ್‌ನಲ್ಲಿ ಊರಿನ ಜನಗಣತಿ ಮಾಡಿಸಿದರು. ಯಹೂದಿಗಳ ಹೆಸರನ್ನು ಬೇರೆಯಾಗಿ, ಹಳದಿ ಹಾಳೆಗಳ ಮೇಲೆ ಬರೆಸಿದರು. ಅದಾಗಿ ಕೆಲವೇ ದಿನಗಳಲ್ಲಿ ಆ ಹೆಸರಿನವರನ್ನೆಲ್ಲ ಊರಾಚೆಯ ಶೆಡ್ಡುಗಳಿಗೆ ಓಡಿಸಿ, ಆಮೇಲೆ ದ್ರೊಬಿತ್ಸ್‌ಕಿ ಯಾರ್ ಅನ್ನುವ ಕಂದರದಲ್ಲಿ ಕೊಂದರು. ಅಜ್ಜಿಯ ಅಮ್ಮ ಅಷ್ಟರಲ್ಲಿ ಪೂರ್ವಕ್ಕೆ ಹೋಗುವ ರೈಲು ಹತ್ತಿದ್ದರು. ಅಮ್ಮನ ಅಮ್ಮ ಮನೆ ಬಿಟ್ಟು ಬರಲ್ಲ ಅಂದು ಉಳಿದರು. ಜನಗಣತಿಯವರು ಬಾಗಿಲಿಗೆ ಬಂದಾಗ ಅವರೂ ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿರಬೇಕು.

ಈಗ ಮತ್ತೆ ಜರ್ಮನ್ ಭಾಷೆಯ ಒಂದು ಕಾಗದ ಬಂದು ಅದನ್ನೇ ಕೇಳಿದರೆ, ಎಲ್ಲಿಗೆ ಹೋಗುತ್ತೆ ಅನ್ನದೆ ಇನ್ನೇನು ಅಂದಾರು?

ಆ ರಾತ್ರಿ ನಾನು ಕೂತು ಓದಿದೆ. ಇದೇ ದೇಶದಲ್ಲಿ 1933ರ ಏಪ್ರಿಲ್ 25ರಂದು ಒಂದು ಕಾನೂನು ಬಂತು. ಅದರ ಹೆಸರು 'ಜರ್ಮನ್ ಶಾಲೆಗಳಲ್ಲಿ ಗಿಜಿಗಿಡುವಿಕೆ ತಡೆಯುವ ಕಾನೂನು'. ಹೊಸದಾಗಿ ಸೇರುವವರಲ್ಲಿ ಯಹೂದಿ ಮಕ್ಕಳು 1.5% ಮೀರುವಂತಿಲ್ಲ ಅಂತ. 1938ರ ನವೆಂಬರ್ 15ರಂದು ಉಳಿದ ಮಕ್ಕಳನ್ನೂ ಜರ್ಮನ್ ಶಾಲೆಗಳಿಂದ ಹೊರಗೆ ಹಾಕಿದರು. ಹೊರಗೆ ಹಾಕಬೇಕಾದರೆ ಮೊದಲು ಯಾರು ಯಾರು ಅಂತ ಗೊತ್ತಿರಬೇಕಲ್ವಾ. ಗೊತ್ತಿತ್ತು. ಶಾಲೆಯ ಕಾಗದದಲ್ಲೇ ಬರೆದಿತ್ತು. ಈಗಿನ ಸಂವಿಧಾನದಲ್ಲಿ ಇದಕ್ಕೊಂದು ತಡೆ ಇದೆ. ಯಾರೂ ತಮ್ಮ ನಂಬಿಕೆಯನ್ನು ಹೇಳಲೇಬೇಕೆಂದಿಲ್ಲ, ಹಕ್ಕು ಅಥವಾ ಕರ್ತವ್ಯಕ್ಕೆ ಸಂಬಂಧ ಇದ್ದಾಗ, ಇಲ್ಲವೇ ಕಾನೂನಿನ ಪ್ರಕಾರ ನಡೆಯುವ ಅಂಕಿಅಂಶ ಗಣತಿಗೆ ಬೇಕಾದಾಗ ಮಾತ್ರ ಸರ್ಕಾರ ಕೇಳಬಹುದು. ಮರುದಿನ ಇದನ್ನು ಗೆಳತಿಗೆ ಹೇಳಿದೆ. ಅವಳು ಅಮ್ಮನಿಗೆ ಹೇಳಿದಳು. ಅಜ್ಜಿ, 'ಕಾನೂನು ಒಳ್ಳೆಯದು' ಅಂದರು. ಹೆಚ್ಚೇನೂ ಹೇಳಲಿಲ್ಲ.

ಅಪ್ಪ ಬಿಟ್ಟ ಜಾಗ

ನನಗೆ ಈ ಸಾಲು ಹೊಸದೇನಲ್ಲ. ಹಾಸನ ಜಿಲ್ಲೆಯ ನಮ್ಮೂರಿನ ಶಾಲೆಗೆ ನನ್ನನ್ನು ಸೇರಿಸುವಾಗ ಅಪ್ಪ ಜಾತಿ ಕಾಲಂ ಖಾಲಿ ಬಿಟ್ಟಿದ್ದರು. ಬೇಕೆಂದೇ ಬಿಟ್ಟದ್ದು. ಎಷ್ಟೋ ವರ್ಷ ಆದ ಮೇಲೆ ಟೀಸಿ ಕೈಗೆ ಬಂದಾಗ ನೋಡಿದರೆ ಅಲ್ಲಿ ಜಾತಿ, ಉಪಜಾತಿ ಎರಡೂ ದುಂಡಗಿನ ಅಕ್ಷರದಲ್ಲಿ ತುಂಬಿದ್ದವು. ಹೆಡ್‌ಮಾಸ್ಟರು ಯಾರನ್ನೂ ಕೇಳಿರಲಿಲ್ಲ. ತಾತನ ಹೆಸರು, ನಾವಿದ್ದ ಕೇರಿ, ಅಷ್ಟು ಅವರಿಗೆ ಸಾಕಾಗಿತ್ತು. ಅಪ್ಪ ಆ ಕಾಗದವನ್ನು ತುಂಬಾ ಹೊತ್ತು ನೋಡಿ ಮಡಚಿ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆದರೆ ಇದನ್ನು ಬರೆಯುವಾಗ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಪ್ಪ ಆ ಜಾಗ ಖಾಲಿ ಬಿಡಬಹುದಿತ್ತು, ಏಕೆಂದರೆ ಬಿಟ್ಟರೂ ನಮಗೇನೂ ನಷ್ಟವಿರಲಿಲ್ಲ. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಹುಡುಗಿಗೆ ಅದೇ ಕಾಲಂನಿಂದ ಸ್ಕಾಲರ್‌ಶಿಪ್ ಬಂತು, ಹಾಸ್ಟೆಲ್ ಸಿಕ್ಕಿತು, ಇವತ್ತು ಆಕೆ ನರ್ಸ್. ಅದನ್ನು ಬರೆಯದೇ ಹೋಗಿದ್ದರೆ ಆಕೆ ಏಳನೇ ತರಗತಿಗೇ ಮನೆಯಲ್ಲಿ ಉಳಿಯುತ್ತಿದ್ದಳು. ಹಾಗಾಗಿ ಕಾಲಂಗಳನ್ನೆಲ್ಲ ಕಿತ್ತು ಬಿಸಾಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದೇ ಸಾಲು ಒಬ್ಬಳನ್ನು ಶಾಲೆಯಲ್ಲಿ ಉಳಿಸಿತು, ಇನ್ನೊಬ್ಬರನ್ನು ಹದಿನಾಲ್ಕು ಹೆಜ್ಜೆ ನಡೆಸಿತು. ಯಾರು ಕೇಳುತ್ತಿದ್ದಾರೆ, ಯಾತಕ್ಕೆ ಕೇಳುತ್ತಿದ್ದಾರೆ, ನಾಳೆ ಅವರ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಇವೆಲ್ಲ ಗೊತ್ತಾಗದೆ ಆ ಸಾಲನ್ನು ಅಳೆಯುವುದು ಹೇಗೆ? ಮೊದಲ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೆ. ಅಜ್ಜಿ ಕೇಳಿದ್ದು ಮೂರನೆಯದನ್ನು.

ಕೋಲು

ಮೂರನೇ ತರಗತಿಯಲ್ಲಿ ಅಂಕಗಳು ಶುರುವಾದವು. ಆ ಹೊತ್ತಿಗೆ ಹುಡುಗನ ದಿನ ಎರಡು ಶಾಲೆಯ ದಿನವಾಗಿತ್ತು. ಬೆಳಿಗ್ಗೆ ಇಲ್ಲಿನ ಶಾಲೆ, ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಖಾರ್ಕಿವ್‌ನ ಹಳೆಯ ತರಗತಿ. ಆ ತರಗತಿಯ ಮಕ್ಕಳು ಪೋಲೆಂಡ್, ಇಸ್ರೇಲ್, ಜರ್ಮನಿ ಅಂತ ಚೆದುರಿ ಹೋಗಿದ್ದರು. ಕೆಲವರು ಊರಲ್ಲೇ ಇದ್ದರು. ಸೈರನ್ ಕೂಗಿದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನ ವರ್ಷ ಖಾರ್ಕಿವ್‌ನಲ್ಲಿ ಮೆಟ್ರೋ ನಿಲ್ದಾಣಗಳ ಒಳಗೇ ತರಗತಿ ಕಟ್ಟಿದರು. ಇವನು ಮಲಗಿದ್ದಂಥ ಪ್ಲಾಟ್‌ಫಾರ್ಮುಗಳ ಪಕ್ಕದಲ್ಲೇ ಮಕ್ಕಳು ಕಲಿಯತೊಡಗಿದರು.

ಒಂದು ಮಧ್ಯಾಹ್ನ ಅಜ್ಜಿ ನಮ್ಮ ಬಾಗಿಲು ತಟ್ಟಿದರು. ಒಬ್ಬರೇ ಬಂದಿದ್ದರು. ಕೈಯಲ್ಲಿ ಮೊಮ್ಮಗನ ಗಣಿತ ಪರೀಕ್ಷೆಯ ಹಾಳೆ. ಇಲ್ಲಿ ಅದಕ್ಕೆ ಪ್ರೋಬೆ ಅನ್ನುತ್ತಾರೆ. ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ 1 ಅಂತ ಬರೆದು ಸುತ್ತ ವೃತ್ತ ಹಾಕಿದ್ದರು. ಅಜ್ಜಿ ಅದರ ಮೇಲೆ ಬೆರಳಿಟ್ಟು, 'ಕೋಲ್! ಕೋಲ್!' ಅಂದರು. ಕಣ್ಣು ತುಂಬಿತ್ತು. ನನಗೆ ಅವರು ಕನ್ನಡದಲ್ಲೇ ಮಾತಾಡಿದ ಹಾಗಾಯಿತು. ಒಂದರ ಅಂಕಿ ನೋಡಿ ಕೋಲು ಅನ್ನುತ್ತಿದ್ದಾರಲ್ಲ, ಇವರಿಗೆ ಹೇಗೆ ಗೊತ್ತು? ಆಮೇಲೆ ತಿಳಿಯಿತು. ರಷ್ಯನ್ ಭಾಷೆಯಲ್ಲೂ ನೆಲಕ್ಕೆ ನೆಡುವ ಗೂಟಕ್ಕೆ ಕೋಲ್ ಅನ್ನುತ್ತಾರೆ. ಸೋವಿಯತ್ ಶಾಲೆಯಲ್ಲಿ ಐದು ಅಂದರೆ ಎಲ್ಲಕ್ಕಿಂತ ಒಳ್ಳೆಯದು, ಒಂದು ಅಂದರೆ ಪೂರ್ತಿ ಕೆಟ್ಟದ್ದು. ಆ ಒಂದನ್ನು ಮಕ್ಕಳು ಕೋಲ್ ಅಂತಲೇ ಕರೆಯುತ್ತಿದ್ದರು. ಜರ್ಮನಿಯಲ್ಲಿ ಇದು ತಲೆಕೆಳಗು. ಇಲ್ಲಿ ಒಂದು ಮೇಲಿನದು, ಆರು ಕೆಳಗಿನದು.

ಹೇಗೆ ಹೇಳಲಿ? ಮಗಳ ಹಾಳೆ ತಂದು ಅವಳ 3 ತೋರಿಸಿದೆ, ಅಳುವ ಮುಖ ಮಾಡಿದೆ. ಇವನ 1 ತೋರಿಸಿ ಕೈ ಮೇಲೆತ್ತಿ ಕುಣಿದೆ. ಅಜ್ಜಿ ಎರಡು ಸಲ ನನ್ನ ಮುಖ, ಹಾಳೆ, ನನ್ನ ಮುಖ ನೋಡಿದರು. ಆಮೇಲೆ ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲಿನ ಮೇಲೆ ಕೂತು ಆ ಹಾಳೆಯನ್ನು ಎದೆಗೆ ಒತ್ತಿಕೊಂಡರು. ಮಾತಾಡಲಿಲ್ಲ. ನಾನೂ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವತ್ತಿನಿಂದ ಅವರು ನನಗೆ ಅಜ್ಜಿ. ಅವರಿಗೂ ಆ ಪದ ಗೊತ್ತಿದೆ, 'ಅಜ್ಜಿ' ಅಂತ ಕರೆದರೇ ತಿರುಗುತ್ತಾರೆ.

ಕರಿಹಲಗೆಯ ಮೇಲೆ

ಬವೇರಿಯಾದ ತರಗತಿಗಳಲ್ಲಿ ಗೋಡೆಯ ಮೇಲೆ ಶಿಲುಬೆ ಇರುತ್ತದೆ. 1995ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಕಡ್ಡಾಯ ಮಾಡುವಂತಿಲ್ಲ ಅಂದಿತು. ಅದೇ ವರ್ಷ ಬವೇರಿಯಾ ಹೊಸ ಕಾನೂನು ಮಾಡಿ ಶಿಲುಬೆಯನ್ನು ಉಳಿಸಿಕೊಂಡು, ಆಕ್ಷೇಪ ಇದ್ದವರು ಕಾರಣ ಕೊಟ್ಟು ಹೇಳಬಹುದು ಅಂತ ಸೇರಿಸಿತು. ನನಗೆ ಅದು ಕಣ್ಣಿಗೆ ಬಿದ್ದೇ ಇರಲಿಲ್ಲ. ಹೈಸ್ಕೂಲು ಓದಿದ್ದು ಕಾನ್ವೆಂಟಿನಲ್ಲಿ, ಶಿಲುಬೆಯ ಕೆಳಗೇ ಮಗ್ಗಿ ಹೇಳಿದವಳು ನಾನು. ಪೋಷಕರ ಸಭೆಯ ದಿನ ಗೆಳತಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ, ಆಕ್ಷೇಪ ಹೇಳಬಹುದು ಗೊತ್ತಾ ಅಂದೆ. 'ಹೇಳಿದರೆ ಯಾಕೆ ಅಂತ ಕೇಳ್ತಾರೆ. ಆಗ ನಾನು ಹೇಳಬೇಕಾಗುತ್ತೆ' ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಎಥಿಕ್ ತರಗತಿಯಲ್ಲಿ ನನ್ನ ಮಗಳೂ ಅವನೂ ಪಕ್ಕ ಪಕ್ಕ. ಧರ್ಮದ ಗಂಟೆ ಹೊಡೆದಾಗ ಕ್ಲಾಸು ಒಡೆದು ಮೂರು ಕಡೆ ಹೋಗುತ್ತದೆ. ಇವರದು ಎಲ್ಲೆಲ್ಲಿಂದಲೋ ಬಂದ ಮಕ್ಕಳ ಗುಂಪು. 2023ರ ಮಾರ್ಚ್ ಮೊದಲ ವಾರ ಟೀಚರು, ನಿಮ್ಮ ಮನೆಯ ಹಬ್ಬದ್ದು ಏನಾದರೂ ತನ್ನಿ ಅಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಮಗಳು ದೀಪಾವಳಿಯ ಮಣ್ಣಿನ ಹಣತೆ ತೆಗೆದಿಟ್ಟಳು. ಹುಡುಗ ಮನೆಗೆ ಹೋಗಿ ಅಮ್ಮನನ್ನು ಕೇಳಿದ: 'ನಾವು ಏನು?'

ಅವನ ಅಮ್ಮನಿಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಎದ್ದು ಅಡುಗೆಮನೆಗೆ ಹೋದರು. ಮೇಲಿನಿಂದ ಇಳಿದು ಬಂದು ನನ್ನ ಹತ್ತಿರ ಗಸಗಸೆ ಕೇಳಿದರು. ನಾನು ಊರಿಂದ ತಂದ ಡಬ್ಬಿಯನ್ನೇ ಕೊಟ್ಟೆ. ಅಜ್ಜಿಯ ಅಮ್ಮ ಪ್ರತಿ ವರ್ಷ ಚಳಿ ಕಳೆಯುವ ಹೊತ್ತಿಗೆ ಗಸಗಸೆ ಹೂರಣ ತುಂಬಿದ ಮೂರು ಮೂಲೆಯ ಬಿಸ್ಕತ್ತು ಮಾಡುತ್ತಿದ್ದರಂತೆ. ಅದಕ್ಕೊಂದು ಹೆಸರು ಹೇಳಿರಲಿಲ್ಲ, ಯಾಕೆ ಮೂರು ಮೂಲೆ ಅಂತಲೂ ಹೇಳಿರಲಿಲ್ಲ. ಆ ದಿನ ಬಂತೆಂದರೆ ಸುಮ್ನೆ ಮಾಡುತ್ತಿದ್ದರು. ಅಜ್ಜಿಯ ಕೈ ಅದನ್ನು ಮರೆತಿರಲಿಲ್ಲ. ಹಿಟ್ಟನ್ನು ಲೋಟದ ಬಾಯಿಂದ ದುಂಡಗೆ ಕತ್ತರಿಸಿ, ನಡುವೆ ಹೂರಣ ಇಟ್ಟು, ಮೂರು ಕಡೆಯಿಂದ ಚಿವುಟಿ ಎತ್ತುವುದು. ಕರಿಗಡುಬಿನ ಅಂಚು ಒತ್ತಿದ ಹಾಗೇ. ಹುಡುಗ ಇಪ್ಪತ್ತು ಬಿಸ್ಕತ್ತು ಡಬ್ಬಿಯಲ್ಲಿ ತೆಗೆದುಕೊಂಡು ಹೋದ. ಟೀಚರು ನೋಡಿದ ತಕ್ಷಣ, 'ಓ, ಪುರಿಮ್ ಹಬ್ಬದ್ದು! ಈ ವಾರವೇ ಅಲ್ವಾ!' ಅಂದರಂತೆ. ಅಜ್ಜಿಗೆ ತಾನು ಎಪ್ಪತ್ತು ವರ್ಷದಿಂದ ಬಲ್ಲ ತಿಂಡಿಯ ಹಬ್ಬದ ಹೆಸರು ಮೊಮ್ಮಗನ ಜರ್ಮನ್ ಟೀಚರಿಂದ ಗೊತ್ತಾಯಿತು. ಅವತ್ತು ಸಂಜೆ ಅವರು ಆ ಹೆಸರನ್ನು ಎರಡು ಮೂರು ಸಲ ಮೆಲ್ಲಗೆ ಹೇಳಿಕೊಂಡರು.

ಯಾಕೋಬ್ಸ್‌ಪ್ಲಾಟ್ಸ್

ನಾಲ್ಕನೇ ತರಗತಿಗೆ ಗೆಳತಿ ಶಾಲೆಗೆ ಪತ್ರ ಬರೆದು ಎಥಿಕ್ ಬಿಡಿಸಿದಳು. ಬವೇರಿಯಾದಲ್ಲಿ ಯಹೂದಿ ಮಕ್ಕಳಿಗೂ ಧರ್ಮದ ಪಾಠ ಇದೆ, ಅದರ ಅಂಕ ಶಾಲೆಯ ಅಂಕಪಟ್ಟಿಗೆ ಸೇರುತ್ತದೆ. ಮಕ್ಕಳು ಕಡಿಮೆ, ಹಾಗಾಗಿ ಬೇರೆ ಬೇರೆ ಶಾಲೆಯವರು ಮಧ್ಯಾಹ್ನದ ಮೇಲೆ ಒಂದು ಕಡೆ ಸೇರುತ್ತಾರೆ. ತಾಯಿ ಯಹೂದಿ ಆದ್ದರಿಂದ ಇವರಿಗೆ ಅದು ಸುಲಭವಾಯಿತು. ಎಲ್ಲರಿಗೂ ಆಗುವುದಿಲ್ಲ. 1991ರಿಂದ 2004ರವರೆಗೆ ಹಳೆಯ ಸೋವಿಯತ್ ದೇಶಗಳಿಂದ 2 ಲಕ್ಷಕ್ಕೂ ಹೆಚ್ಚು ಜನ ಯಹೂದಿಗಳೆಂದೂ ಅವರ ಕುಟುಂಬದವರೆಂದೂ ಜರ್ಮನಿಗೆ ಬಂದರು. ಅಲ್ಲಿ ಅಪ್ಪನ ಕಡೆಯಿಂದ ಬಂದರೂ ಪಾಸ್‌ಪೋರ್ಟಿನಲ್ಲಿ ಯಹೂದಿ. ಇಲ್ಲಿನ ಸಮುದಾಯಕ್ಕೆ ಧರ್ಮದ ನಿಯಮದ ಪ್ರಕಾರ ಅಮ್ಮ ಯಹೂದಿ ಆಗಿರಬೇಕು. ಅಪ್ಪನ ಹೆಸರಿನಿಂದಾಗಿ ಶಾಲೆಯಲ್ಲಿ ಏಟು ತಿಂದು ಬಂದವರಿಗೆ ಇಲ್ಲಿ ನೀವು ನಮ್ಮವರಲ್ಲ ಅನ್ನಿಸಿಕೊಳ್ಳಬೇಕಾಯಿತು. ಗೆಳತಿಯ ಪರಿಚಯದ ಒಂದು ಮನೆಯಲ್ಲಿ ಇದೇ ಆಯಿತು. ಆ ಮನೆಯ ಮಗು ಇವತ್ತಿಗೂ ಎಥಿಕ್‌ನಲ್ಲಿದೆ. ಇದನ್ನು ನೆನೆದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಪಾಠ ಶುರುವಾಗಿ ಒಂದು ತಿಂಗಳಾಗಿರಲಿಲ್ಲ, 2023ರ ಅಕ್ಟೋಬರ್ 7 ಬಂತು. ಇಸ್ರೇಲಿನಲ್ಲಿ ಹಮಾಸ್ ದಾಳಿ, ಆಮೇಲೆ ಗಾಜಾದ ಯುದ್ಧ. ಮ್ಯೂನಿಕ್‌ನಲ್ಲೂ ಯಹೂದಿ ಮನೆಗಳಲ್ಲಿ ಮಕ್ಕಳಿಗೆ ಹೊಸ ಎಚ್ಚರಿಕೆಗಳು ಹುಟ್ಟಿಕೊಂಡವು. ಟ್ರಾಮಿನಲ್ಲಿ ಪಾಠದ ಮಾತು ಆಡಬೇಡ. ತಲೆಯ ಕಿಪ್ಪಾ, ಅಂದರೆ ಯಹೂದಿಗಳ ಪುಟ್ಟ ಟೋಪಿಯ ಮೇಲೆ ಬೇಸ್‌ಬಾಲ್ ಟೋಪಿ ಹಾಕಿಕೋ. ಅಜ್ಜಿ, ನಾನು ಆಗಲೇ ಹೇಳಲಿಲ್ವಾ ಅನ್ನಲಿಲ್ಲ. ಆದರೆ ಊಟ ಬಿಟ್ಟರು.

ನವೆಂಬರ್‌ನಲ್ಲಿ ಒಂದು ದಿನ ಗೆಳತಿಗೆ ಕೆಲಸ ಬಿಡಲಾಗಲಿಲ್ಲ, ಹುಡುಗನನ್ನು ಬಿಟ್ಟು ಬರಲು ನಾನು ಹೋದೆ. ಮ್ಯೂನಿಕ್‌ನ ನಡುವಿನ ಸಂತೆ ವಿಕ್ಟುವಾಲಿಯನ್‌ಮಾರ್ಕ್ಟ್‌ನಿಂದ ಎರಡು ನಿಮಿಷದ ನಡಿಗೆ. ಯಾಕೋಬ್ಸ್‌ಪ್ಲಾಟ್ಸ್‌ನಲ್ಲಿ ಒರಟು ಕಲ್ಲಿನ ಗೋಡೆ, ಮೇಲೆ ಗಾಜಿನ ಪೆಟ್ಟಿಗೆ ಕೂರಿಸಿದಂಥ ಸಿನಗಾಗ್. ಹಳೆಯದನ್ನು 1938ರ ಜೂನ್‌ನಲ್ಲಿ ಹಿಟ್ಲರನ ಮಾತಿನಂತೆ ಕೆಡವಿದರು. ಇದನ್ನು ತೆರೆದದ್ದು 2006ರ ನವೆಂಬರ್ 9ರಂದು. ಮುಂದೆ ಪೊಲೀಸರು. ಒಳಗೆ ಹೋಗುವ ಕಡೆ ಒಂದು ಬಾಗಿಲು ತೆರೆದು, ನಾವು ಒಳಗಾದ ಮೇಲೆ ಅದು ಮುಚ್ಚಿ, ಆಮೇಲೆ ಮುಂದಿನದು ತೆರೆಯಬೇಕು. ನಾನು ನಡುವೆ ನಿಂತು ಕಂಗಾಲಾದೆ. ಹುಡುಗ ಬ್ಯಾಗು ಇಳಿಸಿ, ನೀರಿನ ಬಾಟಲಿ ಹೊರಗಿಟ್ಟು, 'ಹೆದರಬೇಡಿ, ಈಗ ಇದು ತೆರೆಯುತ್ತೆ' ಅಂದ. ಒಂಬತ್ತು ವರ್ಷದ ಮಗು ಪಾಠಕ್ಕೆ ಹೋಗುವ ಮೊದಲು ಇದನ್ನು ಪ್ರತಿ ವಾರ ಮಾಡುತ್ತದೆ. ನನ್ನ ಮಗಳು ಶಾಲೆಗೆ ಹೋಗುವಾಗ ತೆರೆಯುವ ಬಾಗಿಲು ಒಂದೇ.

ನೆಲದಡಿಯಲ್ಲಿ ಸಮುದಾಯದ ಕಟ್ಟಡದಿಂದ ಸಿನಗಾಗ್‌ಗೆ ಹೋಗುವ ಒಂದು ದಾರಿ ಇದೆ. ಅದರ ಗೋಡೆಯ ಮೇಲೆ ಕೊಲೆಯಾದ 4,500ಕ್ಕೂ ಹೆಚ್ಚು ಮ್ಯೂನಿಕ್ ಯಹೂದಿಗಳ ಹೆಸರುಗಳಿವೆ. ಆ ಚಳಿಗಾಲದಲ್ಲೇ ಅಜ್ಜಿ ಮೊಮ್ಮಗನ ಜೊತೆ ಅಲ್ಲಿಗೆ ಹೋಗಿ ಬಂದರು. ತಮ್ಮವರ ಹೆಸರು ಅಲ್ಲಿರುವುದಿಲ್ಲ, ಅವರು ಸತ್ತದ್ದು ಬೇರೆ ಊರಿನಲ್ಲಿ. ಆದರೂ ಒಂದು ತುದಿಯಿಂದ ಇನ್ನೊಂದು ತುದಿಗೆ ಓದುತ್ತಾ ನಡೆದರಂತೆ. ವಾಪಸ್ ಬಂದು ನನಗೆ ಹೇಳಿದ್ದು ಒಂದೇ ಮಾತು. 'ಎಲ್ಲರ ಹೆಸರೂ ಪೂರ್ತಿ ಬರೆದಿದ್ದಾರೆ.'

ಮೇ ತಿಂಗಳು

ನಾಲ್ಕನೇ ತರಗತಿಯ ಮೇ ತಿಂಗಳು ಬವೇರಿಯಾದ ತಾಯಂದಿರ ನಿದ್ದೆ ಕೆಡಿಸುವ ತಿಂಗಳು. ಜರ್ಮನ್, ಗಣಿತ, ಪರಿಸರ, ಮೂರರ ಸರಾಸರಿ 2.33ರೊಳಗೆ ಇದ್ದರೆ ವಿಶ್ವವಿದ್ಯಾಲಯದ ದಾರಿಯ ಗಿಮ್ನಾಸಿಯುಂ, 2.66ರೊಳಗೆ ಇದ್ದರೆ ನಡುವಿನ ದಾರಿಯ ರೆಯಾಲ್‌ಶೂಲೆ, ಅದಕ್ಕೂ ಹೆಚ್ಚಾದರೆ ಮಿಟ್ಟೆಲ್‌ಶೂಲೆ. ಹತ್ತು ವರ್ಷದ ಮಕ್ಕಳನ್ನು ಹೀಗೆ ಮೂರು ದಾರಿಗೆ ಹಂಚುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಹುಡುಗನಿಗೆ ಜರ್ಮನ್‌ನಲ್ಲಿ 4, ಪರಿಸರದಲ್ಲಿ 3, ಗಣಿತದಲ್ಲಿ ಅದೇ ಕೋಲು. 2.66. ಗೆಳತಿ ರೆಯಾಲ್‌ಶೂಲೆ ಅರ್ಜಿ ತರಲು ಹೊರಟಿದ್ದಳು. ನಾನು ತಡೆದು ನಿಯಮ ತೋರಿಸಿದೆ. ಒಂದನೇ ತರಗತಿಯಿಂದ ಇಲ್ಲಿ ಓದದ, ಮನೆಮಾತು ಜರ್ಮನ್ ಅಲ್ಲದ ಮಕ್ಕಳಿಗೆ ಭಾಷೆಯ ಕೊರತೆ ಮುಂದೆ ತುಂಬಿಕೊಳ್ಳುವಂಥದ್ದು ಅನ್ನಿಸಿದರೆ 3.33ರವರೆಗೂ ಗಿಮ್ನಾಸಿಯುಂಗೆ ಬಿಡಬಹುದು. ಇದನ್ನು ತಾನಾಗಿ ಬಂದು ಯಾರೂ ಹೇಳುವುದಿಲ್ಲ. ಇದನ್ನು ಓದುತ್ತಿರುವ, ತಡವಾಗಿ ಮಕ್ಕಳನ್ನು ಇಲ್ಲಿಗೆ ಕರೆತಂದ ಕನ್ನಡದ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಹೋಗಿ ಕೇಳಿ. ಟೀಚರು ಒಪ್ಪಿದರು. ಗಿಮ್ನಾಸಿಯುಂ ಅರ್ಜಿ ಬಂತು.

ಮತ್ತೆ ನಮ್ಮದೇ ಅಡುಗೆಮನೆಯ ಮೇಜು. ಮತ್ತೆ ಕಾಫಿ. ಈ ಸಲ ಫೋನು ಬೇಕಾಗಲಿಲ್ಲ, ಹುಡುಗನೇ ಎಲ್ಲವನ್ನೂ ಓದಿ ತನ್ನ ಶಾಯಿ ಪೆನ್ನಿನಿಂದ ತುಂಬುತ್ತಾ ಹೋದ. ಬೆಕೆಂಟ್‌ನಿಸ್ ಬಂತು. ಅವನು ಬರೆಯಲಿಲ್ಲ. ತಲೆಯೆತ್ತಿ ಅಮ್ಮನನ್ನು ನೋಡಿದ. ಅಮ್ಮ ಅಜ್ಜಿಯನ್ನು ನೋಡಿದಳು. ಅಜ್ಜಿ ರಷ್ಯನ್‌ನಲ್ಲಿ ಕೇಳಿದ್ದನ್ನು ನನಗೆ ಯಾರೂ ಅನುವಾದ ಮಾಡಬೇಕಾಗಿರಲಿಲ್ಲ. ಆ ಪ್ರಶ್ನೆ ನನಗೆ ಗೊತ್ತಿತ್ತು.

'ಈ ಕಾಗದ ಎಲ್ಲಿಗೆ ಹೋಗುತ್ತೆ?'

ಹುಡುಗ ಹೋದ ವಾರವೇ ಹೊಸ ಶಾಲೆ ನೋಡಿ ಬಂದಿದ್ದ. 'ಮೊದಲನೇ ಮಹಡಿ, ಎಡಗಡೆ ಎರಡನೇ ಬಾಗಿಲು. ಅಲ್ಲೊಬ್ಬರು ಕೂತಿರ್ತಾರೆ, ಕಿಟಕಿಯಲ್ಲಿ ಪಾಪಾಸುಕಳ್ಳಿ ಕುಂಡಗಳಿವೆ' ಅಂದ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಕಾಫಿ ಲೋಟವನ್ನು ಅರ್ಜಿಯಿಂದ ದೂರ ಸರಿಸಿ, ಅವನ ಕೈ ಕೆಳಗಿನ ಹಾಳೆಯನ್ನು ನೇರ ಮಾಡಿ ಕೊಟ್ಟರು. ಅವನು ಬರೆದ. ಶಾಯಿ ಒಣಗುವವರೆಗೂ ಮೂವರೂ ಅದನ್ನು ನೋಡುತ್ತಾ ಕೂತಿದ್ದರು.